ಇಲ್ಲದಿರಬಹುದಾದ ಬೆಲೆಯೂ ತಡವಾಗಿ ಬರುವ ಫಲವೂ



ಶಾಲೆಯ ದಾಖಲಾತಿ ಪುಸ್ತಕವನ್ನು ನೀವು ಒಂದಿಲ್ಲೊಂದು ಸಲ ನೋಡಿರುವಿರಿ. ಹೆಸರು, ಪ್ರವೇಶ ಸಂಖ್ಯೆ, ಜನ್ಮದಿನಾಂಕ ಈ ಅಂಕಣಗಳು ತುಂಬಿರಲೇಬೇಕು. ಅವಿಲ್ಲದೆ ದಾಖಲೆಯೇ ಆಗದು. ರಕ್ಷಕರ ದೂರವಾಣಿ ಸಂಖ್ಯೆಯ ಅಂಕಣವು ಹಾಗಲ್ಲ. ಕೆಲವರ ಸಾಲಿನಲ್ಲಿ ಎರಡೆರಡು ಸಂಖ್ಯೆಗಳಿರುತ್ತವೆ, ಕೆಲವರದು ಬರಿದಾಗಿಯೇ ಉಳಿದಿರುತ್ತದೆ. ಬರಿದಾಗಿರುವುದು ಯಾರ ತಪ್ಪೂ ಅಲ್ಲ. ಮನೆಯಲ್ಲಿ ದೂರವಾಣಿ ಇಲ್ಲ, ಅಷ್ಟೆ. ಬರೆಹಗಾರನಾದ ಗುಮಾಸ್ತನು ಆ ಬರಿದಾದ ಸ್ಥಳವನ್ನು ಕಂಡೊಡನೆ ಬೆರಳನ್ನು ಮುಂದಿನ ಸಾಲಿಗೆ ಸರಿಸುತ್ತಾನೆ. ಗಣಕಯಂತ್ರಕ್ಕೆ ಈ ವಿವೇಕವು ತಾನಾಗಿ ಹುಟ್ಟುವುದಿಲ್ಲ. ನಾವೇ ಅದನ್ನು ಕೊಡಬೇಕು. ಕೊಡುವ ಬಗೆ ಹೇಗೆ, ಅದರಲ್ಲಿಯೂ ಉತ್ತರವು ಕೂಡಲೇ ಬಾರದೆ ತಡವಾಗಿ ಬರುವ ಕಾರ್ಯಗಳಲ್ಲಿ ಹೇಗೆ, ಎಂಬುದೇ ಈ ಪಾಠದ ವಿಷಯ. ಐ.ಸಿ.ಟಿ. ತರಗತಿಯಲ್ಲಿ ಪೈಥಾನ್ ಭಾಷೆಯನ್ನು ಕಲಿಯುತ್ತಿರುವ ಹಿರಿಯ ವಿದ್ಯಾರ್ಥಿಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವುದು. ಉಳಿದವರೂ, ಅವರ ತಂದೆತಾಯಿಗಳೂ ಸಾವಧಾನವಾಗಿ ಓದಿದರೆ ತಿಳಿಯದಿರುವಂಥದು ಇದರಲ್ಲಿ ಏನೂ ಇಲ್ಲ.

ಒಂದು ಉದಾಹರಣೆಯನ್ನು ಮೊದಲೇ ಇಟ್ಟುಕೊಳ್ಳೋಣ. ಕಾಸರಗೋಡಿನ ಮಳೆಗಾಲವನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ರಾತ್ರಿಯೆಲ್ಲ ಮಳೆ ಸುರಿದು ತೋಡುಗಳು ಉಕ್ಕಿದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದುಂಟು. ಆ ವಾರ್ತೆಯನ್ನು ಬೆಳಗಿನ ಹೊತ್ತಿಗೆ ಮನೆಮನೆಗೆ ಮುಟ್ಟಿಸಬೇಕು. ಒಂದು ತರಗತಿಯಲ್ಲಿ 40 ಮಕ್ಕಳಿರುವರೆಂದೂ, ಪ್ರತಿಯೊಬ್ಬರ ರಕ್ಷಕರಿಗೂ ಸಂದೇಶವನ್ನು ಕಳುಹಿಸುವ ಕ್ರಮವಿಧಿಯೊಂದನ್ನು ಯಾರೋ ಬರೆದಿರುವರೆಂದೂ ಎಣಿಸಿರಿ. 17ನೆಯ ಸಾಲಿನಲ್ಲಿ ಸಂಖ್ಯೆಯಿಲ್ಲ. ಸಂಖ್ಯೆ ಇದ್ದೇ ಇರುವುದೆಂದು ನಂಬಿ ಬರೆದ ಕ್ರಮವಿಧಿಯು ಅಲ್ಲಿಗೆ ಬಂದೊಡನೆ ಎಡವಿ ನಿಂತುಬಿಡುವುದು. ಸಂಖ್ಯೆಯಿಲ್ಲದ ಆ ಒಬ್ಬನಿಗೆ ಮಾತ್ರವಲ್ಲ, ಅವನ ಹಿಂದಿರುವ 23 ಮಕ್ಕಳಿಗೂ ವಾರ್ತೆ ಮುಟ್ಟದು. ಅವರಲ್ಲಿ ಯಾವಳೋ ಒಬ್ಬ ಬಾಲಿಕೆಯು ನೀರು ಏರಿದ ತೋಡಿನ ಮೇಲಣ ಕಾಲುಸಂಕವನ್ನು ದಾಟಿ, ಬೀಗ ಹಾಕಿದ ಶಾಲೆಯ ಬಾಗಿಲಿಗೆ ಬಂದು ನಿಲ್ಲುವಳು. ಆದುದರಿಂದ ಇದು ಬರಿಯ ಬುದ್ಧಿವಿಲಾಸದ ಪ್ರಶ್ನೆಯಲ್ಲ.

ಈಗ ಮೂಲ ಪರಿಭಾಷೆಗೆ ಬರೋಣ. ಗಣಿತದ ತರಗತಿಯಲ್ಲಿ ಉತ್ಪನ್ನವೆಂದೂ ಕೆಲವು ಗ್ರಂಥಗಳಲ್ಲಿ ಫಲನವೆಂದೂ ಕರೆಯುವ ವಸ್ತುವು ನಿಮಗೆ ಪರಿಚಿತವೇ. ಅದಕ್ಕೆ ಒಂದು ಬೆಲೆಯನ್ನು ಕೊಟ್ಟರೆ ಅದು ಒಂದು ಬೆಲೆಯನ್ನು ಹಿಂದಕ್ಕೆ ಕೊಡುತ್ತದೆ. ವರ್ಗ ಮಾಡುವ ಫಲನಕ್ಕೆ 7ನ್ನು ಕೊಟ್ಟರೆ 49 ಬರುವುದು. ಇಂದು ಕೊಟ್ಟರೂ ನಾಳೆ ಕೊಟ್ಟರೂ 49ೇ. ಇಂತಹ ಫಲನಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಅವುಗಳಿಂದಲೇ ಸಮಗ್ರ ಗಣಕವಿಧಿಯನ್ನು ರಚಿಸುವ ಪದ್ಧತಿಗೆ ಫಲನಪ್ರಧಾನ ಕ್ರಮವಿಧಿ ರಚನೆಯೆಂದು ಹೆಸರು. ಇದರ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ಎಂಬ ಅಮೆರಿಕದ ತರ್ಕಶಾಸ್ತ್ರಜ್ಞನು ರಚಿಸಿದ ಲ್ಯಾಂಬ್ಡಾ ಕಲನದಲ್ಲಿದೆ. 1958ರಲ್ಲಿ ಜಾನ್ ಮೆಕಾರ್ಥಿಯು ಆರಂಭಿಸಿದ ಲಿಸ್ಪ್, 1970ರ ದಶಕದಲ್ಲಿ ಎಡಿನ್‌ಬರೊದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ರೂಪಿಸಿದ ಎಂ.ಎಲ್., 1990ರಲ್ಲಿ ಪ್ರಕಟವಾದ ಹ್ಯಾಸ್ಕೆಲ್ ಇವು ಆ ಸಂಪ್ರದಾಯದ ಮುಖ್ಯ ಭಾಷೆಗಳು. ಈ ಕೊನೆಯ ಹೆಸರು ಹ್ಯಾಸ್ಕೆಲ್ ಕರಿ ಎಂಬ ಗಣಿತಜ್ಞನದು. ನಮ್ಮ ಅಡುಗೆಮನೆಯ ಕರಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಫಲನಕ್ಕೆ ಕೊಡಬೇಕಾದ ಬೆಲೆಯೇ ಇಲ್ಲದಿದ್ದರೆ? ಹಳೆಯ ಭಾಷೆಗಳು ಇದಕ್ಕೆ ಕಂಡುಕೊಂಡ ಉಪಾಯವು 'ನಲ್' ಎಂಬ ಶೂನ್ಯ ಚಿಹ್ನೆ. ಬೆಲೆ ಇರಬೇಕಾದ ಕಡೆಯಲ್ಲಿ ಈ ಚಿಹ್ನೆಯನ್ನು ಇಟ್ಟುಬಿಡುವುದು. 1965ರಲ್ಲಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯನ್ನು ರಚಿಸುತ್ತಿದ್ದಾಗ ಇದನ್ನು ಸೇರಿಸಿದವರು ಟೋನಿ ಹೋರ್. ಇವರು 1934ರಲ್ಲಿ ಸಿಂಹಳದ ಕೊಲಂಬೊ ನಗರದಲ್ಲಿ ಜನಿಸಿದ ಆಂಗ್ಲ ವಿದ್ವಾಂಸರು. ಕ್ವಿಕ್‌ಸಾರ್ಟ್ ಎಂಬ ಪ್ರಸಿದ್ಧ ವಿಂಗಡಣಾ ವಿಧಾನವೂ ಇವರದೇ. ಸೇರಿಸುವುದು ಬಹು ಸುಲಭವಾಗಿತ್ತು ಎಂಬುದೇ ಸೇರಿಸಿದುದಕ್ಕೆ ಕಾರಣವೆಂದು 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಹೇಳಿಕೊಂಡು, ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು. ಇಷ್ಟು ನೇರವಾಗಿ ಹೇಳುವ ವಿದ್ವಾಂಸರು ವಿರಳ.

ನಲ್ ಚಿಹ್ನೆಯ ದೋಷವೇನೆಂದರೆ, ಅದು ನಿಜವಾದ ಬೆಲೆಯ ವೇಷವನ್ನು ತೊಟ್ಟು ಓಡಾಡುತ್ತದೆ. ಯಾವ ಪೆಟ್ಟಿಗೆಯಲ್ಲಿ ಸಂಖ್ಯೆಯಿದೆ, ಯಾವುದರಲ್ಲಿ ಶೂನ್ಯ ಚಿಹ್ನೆಯಿದೆ ಎಂಬುದು ಹೊರಗಿನಿಂದ ತಿಳಿಯದು. ಬರಿದನ್ನು ನಿಜವೆಂದು ಬಗೆದರೆ ಏನಾಗುವುದೆಂಬುದಕ್ಕೆ ಒಂದು ವಿನೋದದ ನಿದರ್ಶನವುಂಟು. ಕ್ಯಾಲಿಫೋರ್ನಿಯಾದ ಒಬ್ಬ ತಂತ್ರಜ್ಞನು ತಮಾಷೆಗಾಗಿ ತನ್ನ ಕಾರಿಗೆ 'ನಲ್' ಎಂಬ ಅಕ್ಷರಗಳ ಫಲಕವನ್ನು ಪಡೆದನು. ವಾಹನದ ಸಂಖ್ಯೆಯನ್ನು ನಮೂದಿಸದೆ ಬಿಟ್ಟಿದ್ದ ಯಾರು ಯಾರದೋ ದಂಡದ ಚೀಟಿಗಳೆಲ್ಲ ಅವನ ಮನೆಗೆ ಬರತೊಡಗಿದವು. ದಂಡದ ಮೊತ್ತವು 12,000 ಡಾಲರನ್ನು ಮೀರಿತೆಂದು 2019ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

ಫಲನಪ್ರಧಾನ ಭಾಷೆಗಳು ಬೇರೆ ದಾರಿಯನ್ನು ಹಿಡಿದವು. ಇಲ್ಲದಿರಬಹುದಾದ ಬೆಲೆಯನ್ನು ಅವು ಬರಿಗೈಯಲ್ಲಿ ಕೊಡುವುದಿಲ್ಲ. ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು ಕೊಡುತ್ತವೆ. ಡಬ್ಬಿಯೊಳಗೆ ಒಂದು ಬೆಲೆ ಇರಬಹುದು, ಇಲ್ಲವೆ ಡಬ್ಬಿಯು ಬರಿದಾಗಿರಬಹುದು. ಎಂ.ಎಲ್. ವಂಶದ ಭಾಷೆಗಳಲ್ಲಿಯೂ ರಸ್ಟ್, ಸ್ಕಾಲಾ ಮೊದಲಾದವುಗಳಲ್ಲಿಯೂ ಈ ಡಬ್ಬಿಗೆ 'ಆಪ್ಷನ್' ಎಂದು ಹೆಸರು; ಹ್ಯಾಸ್ಕೆಲಿನಲ್ಲಿ 'ಮೇಬಿ', ಎಂದರೆ 'ಇದ್ದರೂ ಇರಬಹುದು'. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ಹೆಸರೇ ಹೆಚ್ಚು ಪ್ರಾಮಾಣಿಕವಾದುದು. ಡಬ್ಬಿಯನ್ನು ಕಂಡವನು ಮುಚ್ಚಳ ತೆರೆದು ನೋಡಲೇಬೇಕು. ನೋಡದೆಯೇ ಒಳಗಿನದನ್ನು ಉಪಯೋಗಿಸಹೊರಟರೆ ಕ್ರಮವಿಧಿಯನ್ನು ಓಡಿಸುವುದಕ್ಕೆ ಮುಂಚೆಯೇ ಅನುವಾದಕ ಯಂತ್ರವು ಅದನ್ನು ನಿರಾಕರಿಸುತ್ತದೆ. ತಪ್ಪು ಮಳೆಗಾಲದ ಬೆಳಗಿನಲ್ಲಿ ಹೊರಬೀಳುವ ಬದಲು ಬೇಸಗೆಯ ರಜೆಯಲ್ಲಿ, ಬರೆಯುವಾತನ ಮೇಜಿನ ಮೇಲೆಯೇ ಹೊರಬೀಳುವುದು.

ಪ್ರತಿ ಸಲವೂ ಮುಚ್ಚಳ ತೆಗೆದು ಹಾಕುವ ಬೇಸರವನ್ನು ಕಳೆಯಲು 'ಮ್ಯಾಪ್' ಎಂಬ ಸಾಧನವಿದೆ. ಅದಕ್ಕೆ ಒಂದು ಸಾಧಾರಣ ಫಲನವನ್ನೂ ಒಂದು ಡಬ್ಬಿಯನ್ನೂ ಒಪ್ಪಿಸಿದರೆ, ಡಬ್ಬಿಯಲ್ಲಿ ಬೆಲೆ ಇದ್ದಾಗ ಫಲನವನ್ನು ಅನ್ವಯಿಸಿ ಫಲವನ್ನು ಹೊಸ ಡಬ್ಬಿಯಲ್ಲಿಡುವುದು. ಬರಿದಾಗಿದ್ದರೆ ಫಲನವನ್ನು ಮುಟ್ಟುವುದೇ ಇಲ್ಲ, ಬರಿಯ ಡಬ್ಬಿಯನ್ನೇ ಹಿಂದಿರುಗಿಸುವುದು. ವರ್ಗದ ಫಲನವನ್ನು 7 ಇರುವ ಡಬ್ಬಿಗೆ ಅನ್ವಯಿಸಿದರೆ 49 ಇರುವ ಡಬ್ಬಿ. ಬರಿಯ ಡಬ್ಬಿಗೆ ಅನ್ವಯಿಸಿದರೆ ಬರಿಯ ಡಬ್ಬಿ. ಗುಮಾಸ್ತನು ಬೆರಳನ್ನು ಮುಂದಿನ ಸಾಲಿಗೆ ಸರಿಸಿದ ವಿವೇಕವು ಇದೇ.

ಇಷ್ಟು ಮೊದಲನೆಯ ಅರ್ಧ. ಎರಡನೆಯ ಅರ್ಧವು ಕಾಲಕ್ಕೆ ಸಂಬಂಧಿಸಿದುದು.

ಗಣಕಯಂತ್ರದ ಒಳಗಿನ ಒಂದು ಸಣ್ಣ ಕೂಡುವ ಲೆಕ್ಕಕ್ಕೆ ಒಂದು ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ, ಅಥವಾ ಅದಕ್ಕಿಂತಲೂ ಕಡಮೆ ಕಾಲ ಸಾಕು. ದೂರದ ಇನ್ನೊಂದು ಯಂತ್ರವನ್ನು ತಂತಿಯ ಮೂಲಕ ಕೇಳಿ ಉತ್ತರ ಪಡೆಯಲು ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯಿತೆನ್ನಿ. ನಮಗೆ ಇವೆರಡೂ ಕಣ್ಣೆವೆ ಮುಚ್ಚಿ ತೆರೆಯುವಷ್ಟೇ. ಆದರೆ ಯಂತ್ರದ ಪಾಲಿಗೆ ಇವುಗಳ ಅಂತರವು ಹತ್ತು ಕೋಟಿ ಪಟ್ಟು. ಒಂದು ನ್ಯಾನೊಸೆಕೆಂಡನ್ನು ನಮ್ಮ ಒಂದು ಸೆಕೆಂಡಿಗೆ ಹಿಗ್ಗಿಸಿದರೆ, ಆ ಉತ್ತರಕ್ಕಾಗಿ ಕಾಯುವ ಕಾಲವು ಸುಮಾರು 3 ವರ್ಷ 2 ತಿಂಗಳಾಗುವುದು. ಲೆಕ್ಕ ಮಾಡಿ ನೋಡಿರಿ. ಪತ್ರವನ್ನು ಅಂಚೆಗೆ ಹಾಕಿ, ಮೂರು ವರ್ಷ ಅಂಚೆಪೆಟ್ಟಿಗೆಯ ಬಳಿಯಲ್ಲಿಯೇ ನಿಂತಿರುವ ಮನುಷ್ಯನನ್ನು ನಾವು ಏನೆನ್ನುವೆವು?

ಆದುದರಿಂದ ತಡವಾಗಿ ಫಲ ಕೊಡುವ ಫಲನಗಳು ಫಲವನ್ನೇ ಕೊಡದೆ, ಫಲದ ಬದಲಿಗೆ ಒಂದು ಬಿಲ್ಲೆಯನ್ನು ಕೊಡುತ್ತವೆ. ಬ್ಯಾಂಕಿನಲ್ಲಿ ಹಣ ಪಡೆಯಲು ಚೆಕ್ಕನ್ನು ಕೊಟ್ಟಾಗ ಹಿತ್ತಾಳೆಯ ಬಿಲ್ಲೆಯನ್ನು ಕೊಡುತ್ತಿದ್ದ ಕಾಲವು ನಿಮ್ಮ ಅಜ್ಜಂದಿರಿಗೆ ನೆನಪಿರಬಹುದು. ಬಿಲ್ಲೆಯು ಹಣವಲ್ಲ, ಹಣವು ಬರುವುದೆಂಬುದರ ಗುರುತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಬೇರೆ ಕೆಲಸ ನೋಡಬಹುದು. ಕರೆ ಬಂದಾಗ ತೋರಿಸಿ ಹಣ ಪಡೆಯಬಹುದು. ಈ ರೀತಿಯ ಕಾರ್ಯಕ್ಕೆ ಅಸಮಕಾಲಿಕವೆಂದು ಹೆಸರು. ಬಿಲ್ಲೆಗೆ 'ಪ್ರಾಮಿಸ್' ಎಂಬ ಹೆಸರನ್ನು 1976ರಲ್ಲಿ ಫ್ರೀಡ್ಮನ್ ಮತ್ತು ವೈಸ್ ಎಂಬವರೂ, 'ಫ್ಯೂಚರ್' ಎಂಬ ಹೆಸರನ್ನು 1977ರಲ್ಲಿ ಬೇಕರ್ ಮತ್ತು ಹೆವಿಟ್ ಎಂಬವರೂ ಬಳಕೆಗೆ ತಂದರು. 'ಅಸಿಂಕ್', 'ಅವೇಟ್' ಎಂಬ ಎರಡು ಪದಗಳಿಂದ ಇದನ್ನು ಸರಳವಾಗಿ ಬರೆಯುವ ಪದ್ಧತಿಯು ಸಿ ಶಾರ್ಪ್ ಭಾಷೆಗೆ 2012ರಲ್ಲಿ, ಪೈಥಾನಿಗೆ 2015ರಲ್ಲಿ, ಜಾವಾಸ್ಕ್ರಿಪ್ಟಿಗೆ 2017ರಲ್ಲಿ ಬಂದಿತು. ಅಸಿಂಕ್ ಎಂದರೆ 'ಈ ಫಲನವು ಬಿಲ್ಲೆ ಕೊಡುವಂಥದು'. ಅವೇಟ್ ಎಂದರೆ 'ಈ ಬಿಲ್ಲೆಗೆ ಫಲ ಬರುವವರೆಗೆ ಈ ಕೆಲಸವನ್ನು ಬದಿಗಿಟ್ಟು ಬೇರೆಯದನ್ನು ನೋಡು'.

ಈಗ ನಮ್ಮ ಸಮಸ್ಯೆಯು ಸ್ಪಷ್ಟವಾಗಿ ಎದುರು ನಿಲ್ಲುವುದು. ಸಂದೇಶ ಕಳುಹಿಸುವ ಫಲನವು ಹೀಗಿದೆ:

ಕಳುಹಿಸು : ಸಂಖ್ಯೆ → ಬಿಲ್ಲೆ (ರಸೀದಿ)

ಎಂದರೆ, ಒಂದು ಸಂಖ್ಯೆಯನ್ನು ಕೊಟ್ಟರೆ, ಮುಂದೆ ರಸೀದಿಯಾಗಿ ಪರಿಣಮಿಸುವ ಒಂದು ಬಿಲ್ಲೆಯು ದೊರೆಯುವುದು. ಆದರೆ ನಮ್ಮ ಕೈಯಲ್ಲಿರುವುದು ಸಂಖ್ಯೆಯಲ್ಲ, ಡಬ್ಬಿ (ಸಂಖ್ಯೆ). ಮೇಲೆ ಕಲಿತ ಮ್ಯಾಪ್ ಸಾಧನವನ್ನು ಪ್ರಯೋಗಿಸಿದರೆ ಬರುವ ಫಲವೇನು? ಫಲನವು ಒಳಗಿನ ಸಂಖ್ಯೆಯನ್ನು ಬಿಲ್ಲೆಯನ್ನಾಗಿ ಮಾಡುವುದು. ಡಬ್ಬಿಯು ಹೊರಗೆ ಹಾಗೆಯೇ ಉಳಿಯುವುದು:

ಡಬ್ಬಿ (ಬಿಲ್ಲೆ (ರಸೀದಿ))

ಇದು ಡಬ್ಬಿಯೊಳಗೆ ಬಿಲ್ಲೆ. ಇದನ್ನು ಅವೇಟ್ ಮಾಡಲು ಬರುವುದಿಲ್ಲ; ಏಕೆಂದರೆ ಅವೇಟ್ ಎಂಬುದು ಬಿಲ್ಲೆಯನ್ನು ಕೇಳುತ್ತದೆ, ನಮ್ಮ ಕೈಯಲ್ಲಿರುವುದು ಡಬ್ಬಿ. ಪೈಥಾನಿನಲ್ಲಿ ಡಬ್ಬಿಯ ಸ್ಥಾನದಲ್ಲಿ 'ನನ್' ಎಂಬ ಶೂನ್ಯ ಬೆಲೆಯಿದೆ. ಅದನ್ನು ಅವೇಟ್ ಮಾಡಹೊರಟರೆ ಪೈಥಾನು ದೋಷವೆಂದು ಸಾರಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟು ಹೆಚ್ಚು ಸೈರಣೆಯುಳ್ಳದು. ಬಿಲ್ಲೆಯಲ್ಲದ ಏನನ್ನು ಕೊಟ್ಟರೂ ಅದನ್ನೇ ಹಿಂದಕ್ಕೆ ಕೊಟ್ಟು ಸುಮ್ಮನೆ ಮುಂದುವರಿಯುತ್ತದೆ. ಈ ಸೈರಣೆಯು ಕೆಲವೊಮ್ಮೆ ಉಪಕಾರ, ಕೆಲವೊಮ್ಮೆ ಅಪಕಾರ.

ಇಲ್ಲಿ ಹೊಸಬರು ಬೀಳುವ ಒಂದು ಹಳ್ಳವನ್ನು ತೋರಿಸಿ ಮುಂದೆ ಹೋಗುವೆನು. 'ಸಂದೇಶ ಮುಟ್ಟಿತೋ ಇಲ್ಲವೋ' ಎಂದು ಪರೀಕ್ಷಿಸಲು ಅವರು ಕಳುಹಿಸುವ ಫಲನದ ಫಲವನ್ನೇ 'ಇದ್ದರೆ' ಎಂಬ ನಿಬಂಧನೆಯಲ್ಲಿ ಇಡುತ್ತಾರೆ. ನಡುವೆ ಅವೇಟ್ ಬರೆಯಲು ಮರೆಯುತ್ತಾರೆ. ಆಗ ಪರೀಕ್ಷೆಗೆ ಒಳಗಾಗುವುದು ರಸೀದಿಯಲ್ಲ, ಬಿಲ್ಲೆ. ಬಿಲ್ಲೆಯಂತೂ ಇದ್ದೇ ಇರುವುದಷ್ಟೆ! ಆದುದರಿಂದ ಉತ್ತರವು ಯಾವಾಗಲೂ 'ಮುಟ್ಟಿತು' ಎಂದೇ ಬರುವುದು, ಒಂದು ಸಂದೇಶವೂ ಮುಟ್ಟದಿದ್ದರೂ ಸಹ. ಕಿಸೆಯಲ್ಲಿ ಬಿಲ್ಲೆಯಿದೆಯೆಂದು ಹಣ ಬಂದಿತೆಂದೇ ಲೆಕ್ಕ ಬರೆದಂತೆ ಇದು.

ನಮಗೆ ಬೇಕಾದುದು ಡಬ್ಬಿಯೊಳಗಿನ ಬಿಲ್ಲೆಯಲ್ಲ. ತಕ್ಕ ಕಾಲದಲ್ಲಿ ಡಬ್ಬಿಯನ್ನು ತಂದುಕೊಡುವ ಬಿಲ್ಲೆ:

ಬಿಲ್ಲೆ (ಡಬ್ಬಿ (ರಸೀದಿ))

ಒಳಗಿದ್ದುದು ಹೊರಗೆ, ಹೊರಗಿದ್ದುದು ಒಳಗೆ ಆಗಬೇಕು. ಇದನ್ನು ಮಾಡುವ ನಿಯಮವು ಆಶ್ಚರ್ಯವೆನಿಸುವಷ್ಟು ಚಿಕ್ಕದು. ಡಬ್ಬಿಯಲ್ಲಿ ಸಂಖ್ಯೆಯಿದ್ದರೆ, ಕಳುಹಿಸಿ ಬಿಲ್ಲೆಯನ್ನು ಪಡೆ. ರಸೀದಿಯು ಬಂದಾಗ ಅದನ್ನು ಡಬ್ಬಿಯಲ್ಲಿಡು. ಡಬ್ಬಿಯು ಬರಿದಾಗಿದ್ದರೆ, ಯಾರನ್ನೂ ಕೇಳದೆ, ಈಗಾಗಲೇ ಫಲ ಬಂದು ಮುಗಿದಿರುವ ಒಂದು ಬಿಲ್ಲೆಯನ್ನು ಕೊಡು. ಅದರ ಫಲವು ಬರಿಯ ಡಬ್ಬಿ. ಈ ಎರಡನೆಯ ಭಾಗದಲ್ಲಿಯೇ ಎಲ್ಲ ಜಾಣ್ಮೆಯೂ ಅಡಗಿದೆ. ಕಾಯಬೇಕಾದ ಅಗತ್ಯವಿಲ್ಲದ ಕಡೆಯಲ್ಲಿಯೂ ಬಿಲ್ಲೆಯನ್ನೇ ಕೊಡುವುದರಿಂದ, ಪಡೆಯುವವನು ಎರಡು ಬಗೆಯ ವ್ಯವಹಾರವನ್ನು ನೆನಪಿಡಬೇಕಾಗಿಲ್ಲ. ಸಂಖ್ಯೆಯಿರಲಿ ಇಲ್ಲದಿರಲಿ, ಅವನಿಗೆ ದೊರೆಯುವುದು ಬಿಲ್ಲೆ. ಅವೇಟ್ ಮಾಡಿದರೆ ದೊರೆಯುವುದು ಡಬ್ಬಿ.

ಬುದ್ಧಿವಂತ ವಿದ್ಯಾರ್ಥಿಯು ಇಲ್ಲಿ ಪ್ರಶ್ನೆ ಕೇಳಬೇಕು: ಡಬ್ಬಿಯೊಳಗಿನ ಬಿಲ್ಲೆಯನ್ನು ಬಿಲ್ಲೆಯೊಳಗಿನ ಡಬ್ಬಿಯನ್ನಾಗಿ ಮಾಡಿದಿರಿ, ಇದಕ್ಕೆ ವಿಲೋಮವಾದುದನ್ನೂ ಮಾಡಬಹುದೆ? ಮಾಡಲಾಗದು. ಕಾರಣವನ್ನು ಯೋಚಿಸಿರಿ. ಡಬ್ಬಿಯು ಹೊರಗಿದ್ದಾಗ ಅದು ಬರಿದೋ ತುಂಬಿದೆಯೋ ಎಂಬುದು ಈಗಲೇ ತಿಳಿದಿರುತ್ತದೆ. ಬಿಲ್ಲೆಯು ಹೊರಗಿದ್ದಾಗ ಅದು ಮುಂದೆ ಎಂದೋ ತಿಳಿಯತಕ್ಕದ್ದು. ಈಗ ತಿಳಿದುದನ್ನು ನಾಳೆ ಹೇಳುತ್ತೇನೆಂದರೆ ಯಾವ ತೊಡಕೂ ಇಲ್ಲ; ನಾಳೆ ತಿಳಿಯಬೇಕಾದುದನ್ನು ಈಗಲೇ ಹೇಳಲು ಜ್ಯೋತಿಷಿಗೂ ಕಷ್ಟ. ಬೇಕಾದರೆ ಎಲ್ಲ ಕೆಲಸವನ್ನೂ ನಿಲ್ಲಿಸಿ, ಬಿಲ್ಲೆಗೆ ಫಲ ಬರುವವರೆಗೆ ಕಿಟಕಿಯ ಮುಂದೆಯೇ ನಿಂತು, ಆಮೇಲೆ ಹೇಳಬಹುದು. ಹಾಗೆ ಮಾಡಿದರೆ ಬಿಲ್ಲೆಯನ್ನು ಕಲ್ಪಿಸಿದ ಉದ್ದೇಶವೇ ಕೆಟ್ಟಿತು.

ಹ್ಯಾಸ್ಕೆಲಿನಲ್ಲಿ ಈ ಅದಲುಬದಲಿನ ಸಾಧನಕ್ಕೆ 'ಟ್ರಾವರ್ಸ್' ಎಂದು ಹೆಸರು. ಕಾನರ್ ಮೆಕ್‌ಬ್ರೈಡ್ ಮತ್ತು ರಾಸ್ ಪ್ಯಾಟರ್ಸನ್ ಎಂಬವರು 2008ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಇದನ್ನು ಸಾಮಾನ್ಯ ರೂಪದಲ್ಲಿ ನಿರೂಪಿಸಿದರು. ಡಬ್ಬಿಯ ಸ್ಥಾನದಲ್ಲಿ ಪಟ್ಟಿಯನ್ನೋ ವೃಕ್ಷಾಕಾರದ ರಚನೆಯನ್ನೋ ಇಟ್ಟರೂ ಸೂತ್ರವು ಬದಲಾಗದೆಂಬುದು ಇದರ ಹಿರಿಮೆ. ನಮ್ಮ 40 ಮಕ್ಕಳ ಪಟ್ಟಿಯನ್ನೇ ತೆಗೆದುಕೊಳ್ಳಿರಿ. ಪ್ರತಿ ಸಾಲಿಗೂ ಒಂದು ಬಿಲ್ಲೆ ದೊರೆತರೆ ಕೈಯಲ್ಲಿರುವುದು ಬಿಲ್ಲೆಗಳ ಪಟ್ಟಿ. ಬೇಕಾದುದು ಪಟ್ಟಿಯನ್ನು ತರುವ ಒಂದೇ ಬಿಲ್ಲೆ. ಜಾವಾಸ್ಕ್ರಿಪ್ಟಿನ 'ಪ್ರಾಮಿಸ್ ಆಲ್', ಪೈಥಾನಿನ 'ಗ್ಯಾದರ್' ಮಾಡುವ ಕೆಲಸವು ಇದೇ. 37 ಮಕ್ಕಳಿಗೆ ಸಂಖ್ಯೆಯಿದ್ದು, ಒಂದು ಸಂದೇಶಕ್ಕೆ 2 ಸೆಕೆಂಡು ಹಿಡಿಯುವುದೆಂದರೆ, ಒಂದಾದ ಮೇಲೊಂದರಂತೆ ಕಳುಹಿಸಲು 74 ಸೆಕೆಂಡು ಬೇಕು. ಎಲ್ಲ ಬಿಲ್ಲೆಗಳನ್ನೂ ಒಟ್ಟಿಗೆ ಪಡೆದು ಕಾದರೆ ಸುಮಾರು 2 ಸೆಕೆಂಡು ಸಾಕು. ಬರಿಯ ಡಬ್ಬಿಯ ಮೂವರಿಗಾಗಿ ಎರಡು ಕ್ರಮಗಳಲ್ಲಿಯೂ ಒಂದು ಕ್ಷಣವೂ ವ್ಯರ್ಥವಾಗದು.

ಇನ್ನು ಸ್ವಲ್ಪ ಕಠಿನವಾದ ಸಂದರ್ಭ. ದೂರವಾಣಿ ಸಂಖ್ಯೆಯು ನಮ್ಮ ಪುಸ್ತಕದಲ್ಲಿಲ್ಲ, ದೂರದ ಕಚೇರಿಯ ಯಂತ್ರದಲ್ಲಿದೆ ಎಂದು ಭಾವಿಸಿರಿ. ಆಗ ಹುಡುಕುವ ಫಲನವೇ ಹೀಗಾಗುವುದು:

ಹುಡುಕು : ಪ್ರವೇಶಸಂಖ್ಯೆ → ಬಿಲ್ಲೆ (ಡಬ್ಬಿ (ಸಂಖ್ಯೆ))

ಉತ್ತರವು ತಡವಾಗಿಯೂ ಬರುವುದು, ಬಂದ ಮೇಲೆ ಬರಿದಾಗಿಯೂ ಇರಬಹುದು. ಈ ಫಲನವನ್ನು ಪ್ರವೇಶಸಂಖ್ಯೆಯ ಡಬ್ಬಿಗೆ ಅನ್ವಯಿಸಿ ಅದಲುಬದಲು ಮಾಡಿದರೆ ಬಿಲ್ಲೆಯೊಳಗೆ ಡಬ್ಬಿ, ಅದರೊಳಗೆ ಮತ್ತೊಂದು ಡಬ್ಬಿ ಬರುವುದು. ಹೊರಗಿನದು ಬರಿದಾದರೆ ಪ್ರವೇಶಸಂಖ್ಯೆಯೇ ಇರಲಿಲ್ಲವೆಂದರ್ಥ. ಒಳಗಿನದು ಬರಿದಾದರೆ ಪ್ರವೇಶಸಂಖ್ಯೆಯಿದ್ದರೂ ದೂರವಾಣಿಯಿಲ್ಲವೆಂದರ್ಥ. ಎರಡು ಡಬ್ಬಿಗಳನ್ನು ಒಂದಾಗಿ ಚಪ್ಪಟೆಗೊಳಿಸುವ ಸಾಧನವುಂಟು, ಅದರಿಂದ ಕ್ರಮವಿಧಿಯು ಸರಳವಾಗುವುದು. ಆದರೆ ಬರಿದಾದುದು ಯಾವುದೆಂಬ ಮಾಹಿತಿಯು ಅಳಿದುಹೋಗುವುದು. ಸಂದೇಶ ಕಳುಹಿಸುವುದಷ್ಟೇ ಉದ್ದೇಶವಾದರೆ ಚಪ್ಪಟೆಗೊಳಿಸಿದರೆ ತಪ್ಪಿಲ್ಲ. ದಾಖಲಾತಿಯನ್ನು ತಿದ್ದುವ ಉದ್ದೇಶವಿದ್ದರೆ ಹಾಗೆ ಮಾಡಕೂಡದು. ಪೈಥಾನಿನ ನನ್ ಬೆಲೆಯಲ್ಲಿ ಈ ಆಯ್ಕೆಯೇ ಇಲ್ಲ. ಡಬ್ಬಿಯೊಳಗೆ ಡಬ್ಬಿ ಎಂಬುದು ಅಲ್ಲಿಲ್ಲವಾದುದರಿಂದ ಎರಡು ಬರಿದುಗಳೂ ಮೊದಲಿನಿಂದಲೇ ಒಂದಾಗಿಬಿಟ್ಟಿರುತ್ತವೆ.

ಚಪ್ಪಟೆಗೊಳಿಸಿದ ಮೇಲೆ ಪ್ರತಿ ಹೆಜ್ಜೆಯ ಕೊನೆಗೂ ಒಂದೇ ಆಕಾರವು ಉಳಿಯುವುದು: ಬಿಲ್ಲೆ (ಡಬ್ಬಿ (ಏನೋ ಒಂದು)). ಆದುದರಿಂದ ಹುಡುಕು, ಕಳುಹಿಸು, ರಸೀದಿಯನ್ನು ಬರೆದಿಡು ಎಂಬ ಹೆಜ್ಜೆಗಳನ್ನು ಸರಪಣಿಯ ಕೊಂಡಿಗಳಂತೆ ಸೇರಿಸಬಹುದು. ನಡುವೆ ಎಲ್ಲಿಯಾದರೂ ಬರಿದು ಕಂಡರೆ ಮುಂದಿನ ಕೊಂಡಿಗಳು ತಾವಾಗಿ ಸುಮ್ಮನಾಗುವುವು. ಹೀಗೆ ಸರಪಣಿಗೊಳ್ಳಬಲ್ಲ ಆಕಾರಗಳಿಗೆ ಗಣಿತದಲ್ಲಿ 'ಮೊನಾಡ್' ಎಂದು ಹೆಸರು. ಯೂಜೀನಿಯೊ ಮೊಜ್ಜಿ ಎಂಬ ಇಟಲಿಯ ವಿದ್ವಾಂಸರು 1989ರಲ್ಲಿ ಅದನ್ನು ಗಣಕಶಾಸ್ತ್ರಕ್ಕೆ ತಂದರು. ಹೆಸರನ್ನು ಕೇಳಿ ಹೆದರಬೇಡಿರಿ.

ಬಿಲ್ಲೆಗಳಲ್ಲಿಯೂ ಎರಡು ಜಾತಿಗಳುಂಟೆಂಬುದನ್ನು ಇಲ್ಲಿಯೇ ಹೇಳಬೇಕು. ಜಾವಾಸ್ಕ್ರಿಪ್ಟಿನಲ್ಲಿ ಬಿಲ್ಲೆಯು ಕೈಗೆ ಬಂದಾಗಲೇ ಕೆಲಸವು ಆರಂಭವಾಗಿರುತ್ತದೆ. ಅದು ಅಂಚೆಗೆ ಹಾಕಿಯಾದ ಪತ್ರ. ಪೈಥಾನ್, ರಸ್ಟ್, ಎಫ್ ಶಾರ್ಪ್ ಭಾಷೆಗಳಲ್ಲಿ ಅದು ಬರೆದು ಮೇಜಿನ ಮೇಲಿಟ್ಟ ಪತ್ರ; ಯಾರಾದರೂ ಕೊಂಡುಹೋಗಿ ಹಾಕಿದಲ್ಲದೆ ಹೊರಡದು. ಅಂಥ ಬಿಲ್ಲೆಯು ಡಬ್ಬಿಯೊಳಗೆ ಮರೆತು ಉಳಿದರೆ ಸಂದೇಶವು ಹೊರಡುವುದೇ ಇಲ್ಲ, ದೋಷವೂ ಘೋಷಿತವಾಗದು. ಪೈಥಾನು ಇದನ್ನು ಕಂಡು 'ಇದನ್ನು ಅವೇಟ್ ಮಾಡಲೇ ಇಲ್ಲ' ಎಂದು ಒಂದು ಎಚ್ಚರಿಕೆಯನ್ನು ಮುದ್ರಿಸುತ್ತದೆ. ಎಚ್ಚರಿಕೆಯ ಸಾಲುಗಳನ್ನು ಓದದೆ ಬಿಡುವ ಅಭ್ಯಾಸವು ನಿಮ್ಮಲ್ಲಿ ಅನೇಕರಿಗಿದೆಯೆಂದು ನಿಮ್ಮ ಅಧ್ಯಾಪಕರು ಹೇಳುತ್ತಾರೆ.

ಕೊನೆಯದಾಗಿ ಒಂದು ಭೇದ. ಇದನ್ನು ರಕ್ಷಕರೂ ಗಮನಿಸಬೇಕೆಂದು ಬೇಡುವೆನು. 'ಸಂಖ್ಯೆಯಿಲ್ಲ' ಎಂಬುದೂ 'ಸಂಖ್ಯೆಯಿದೆ, ಆದರೆ ಸಂದೇಶ ಮುಟ್ಟಲಿಲ್ಲ' ಎಂಬುದೂ ಒಂದೇ ಅಲ್ಲ. ಬರಿಯ ಡಬ್ಬಿಯೊಂದರಿಂದಲೇ ಎರಡನ್ನೂ ಸೂಚಿಸುವ ಕ್ರಮವಿಧಿಯು ಮುಖ್ಯೋಪಾಧ್ಯಾಯನ ಮೇಜಿನ ಮೇಲೆ 'ಐವರಿಗೆ ಇಲ್ಲ' ಎಂದಷ್ಟೇ ಬರೆದು ಕೊಡುವುದು. ಅದರಿಂದ ಅವನು ಏನು ಮಾಡಬೇಕು? ಮುಟ್ಟದೆ ಹೋದ ಇಬ್ಬರಿಗೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಳುಹಿಸಿದರೆ ಸಾಕು. ಬಹುಶಃ ವಿದ್ಯುತ್ತು ಹೋಗಿ ಗೋಪುರವು ನಿಂತಿರಬಹುದು. ಸಂಖ್ಯೆಯೇ ಇಲ್ಲದ ಮೂವರಿಗೆ ಎಷ್ಟು ಸಲ ಕಳುಹಿಸಿದರೂ ಪ್ರಯೋಜನವಿಲ್ಲ. ನೆರೆಮನೆಯವರಿಗೆ ಹೇಳಬೇಕು, ಇಲ್ಲವೆ ಆ ದಾರಿಯಲ್ಲಿರುವ ಅಧ್ಯಾಪಕರೊಬ್ಬರು ಕೊಡೆ ಹಿಡಿದು ಹೋಗಬೇಕು. ಆದಕಾರಣ ಅನುಭವಿಗಳು ರಸೀದಿಯ ಸ್ಥಾನದಲ್ಲಿ 'ರಿಸಲ್ಟ್' ಎಂಬ ಬೇರೊಂದು ಡಬ್ಬಿಯನ್ನಿಡುತ್ತಾರೆ. ಅದು ಎಂದೂ ಬರಿದಾಗಿರುವುದಿಲ್ಲ: ಕಾರ್ಯವು ಸಫಲವಾದರೆ ಫಲ, ವಿಫಲವಾದರೆ ವೈಫಲ್ಯದ ಕಾರಣ, ಇವೆರಡರಲ್ಲಿ ಒಂದು ಇದ್ದೇ ತೀರುವುದು. ಆಗ ಪೂರ್ಣ ಆಕಾರವು ಹೀಗೆ:

ಬಿಲ್ಲೆ (ಡಬ್ಬಿ (ರಿಸಲ್ಟ್ (ರಸೀದಿ)))

ಬರೆಯಲು ಇದು ಉದ್ದವಾದುದು ನಿಜ. ಆದರೆ ಇದರಲ್ಲಿ ತಡವಾಗುವಿಕೆ, ಇಲ್ಲದಿರುವಿಕೆ, ವಿಫಲವಾಗುವಿಕೆ ಈ ಮೂರೂ ಬೇರೆ ಬೇರೆಯಾಗಿ, ಒಂದರ ಮೇಲೊಂದು ಮುಚ್ಚಿಕೊಳ್ಳದೆ ನಿಂತಿವೆ. ಚಿಕ್ಕದಾಗಿಸುವ ಆತುರದಲ್ಲಿ ಇವುಗಳಲ್ಲಿ ಒಂದನ್ನು ಅಳಿಸುವುದನ್ನು ನಾನು ಒಪ್ಪೆನು.

ಅಭ್ಯಾಸಕ್ಕಾಗಿ ಎರಡು ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿಯು ವಾಚನಾಲಯದಿಂದ ಪುಸ್ತಕವನ್ನು ಪಡೆದಿರಬಹುದು, ಪಡೆಯದೆಯೂ ಇರಬಹುದು. ಪುಸ್ತಕದ ಸಂಖ್ಯೆಯನ್ನು ಕೊಟ್ಟರೆ ಹಿಂದಿರುಗಿಸಬೇಕಾದ ದಿನಾಂಕವನ್ನು ದೂರದ ಯಂತ್ರವು ತಡವಾಗಿ ತಿಳಿಸುವುದು. ಆ ಪುಸ್ತಕವು ಅದರ ದಾಖಲೆಯಲ್ಲಿ ಇಲ್ಲದಿರಲೂಬಹುದು. ಚಪ್ಪಟೆಗೊಳಿಸುವುದಕ್ಕೆ ಮುಂಚಿನ ಆಕಾರವನ್ನೂ ಆಮೇಲಿನ ಆಕಾರವನ್ನೂ ಬರೆಯಿರಿ. ಚಪ್ಪಟೆಗೊಳಿಸಿದುದರಿಂದ ಯಾವ ಮಾಹಿತಿಯು ನಷ್ಟವಾಯಿತೆಂದು ಒಂದು ವಾಕ್ಯದಲ್ಲಿ ತಿಳಿಸಿರಿ. ಎರಡನೆಯದು: ಡಬ್ಬಿಗಳ ಪಟ್ಟಿಯೊಂದನ್ನು ಟ್ರಾವರ್ಸ್ ಸಾಧನದಿಂದ ಪಟ್ಟಿಯ ಡಬ್ಬಿಯನ್ನಾಗಿ ಮಾಡಬಹುದು, ಆಗ 40ರಲ್ಲಿ ಒಂದು ಡಬ್ಬಿಯು ಬರಿದಾಗಿದ್ದರೂ ಒಟ್ಟು ಫಲವು ಬರಿಯ ಡಬ್ಬಿಯಾಗುವುದು. ಪರೀಕ್ಷೆಯ ಅಂಕಪಟ್ಟಿಯನ್ನು ಸಿದ್ಧಪಡಿಸುವಾಗ ಇದು ತಕ್ಕ ವರ್ತನೆಯೆ? ಮಳೆಯ ದಿನದ ಸಂದೇಶಕ್ಕೆ ತಕ್ಕುದೆ?